ಸುಳ್ಯದಲ್ಲಿ ಉಳಿದ ಸ್ಕಾಟ್ ಕ್ರಿಯಾಪದ

ಸಾಮ್ರಾಜ್ಯಗಳು ಅಳಿದರೂ ಅವುಗಳ ಭಾಷೆ ಉಳಿಯುತ್ತದೆ. ಸುಳ್ಯದಲ್ಲಿ ಉಳಿದಿರುವುದು ಒಂದೇ ಕ್ರಿಯಾಪದ, ಅದೂ ಕೋಳಿಯ ಮಟ್ಟಿಗೆ.

ಮಡಿಕೇರಿ ಬಸ್ಸು ಕೆಟ್ಟು ನಿಂತಿತೆಂದು ನಾನು ಊಟಕ್ಕೆ ಹೋದ ಹೋಟೆಲಿನ ಅಬ್ಬಾಸ್ ಬ್ಯಾರಿಗಳು ಹಿಂದೆ ಕೊಡಗಿನ ತೋಟದಲ್ಲಿ ಸ್ಕಾಟ್ ದೊರೆಯೊಬ್ಬನಿಗೆ ಅಡಿಗೆ ಮಾಡುತ್ತಿದ್ದವರು.

"ಕೋಳಿ ಕೊಯ್ಯುವುದಾದರೆ ಮೊದಲು ದೊರೆಯ 'ಫೆಲ್' ಅಂತ ಅಪ್ಪಣೆ, ಮತ್ತೆ ನನ್ನ ಬಿಸ್ಮಿ, ಮತ್ತೆ ಕತ್ತಿ," ಎಂದರು.

ಇಂಗ್ಲಿಷರಿಗೆ ಅದು ಮರ ಕಡಿಯುವ ಮಾತು. ಹಳೆಯ ಸ್ಕಾಟರಿಗೆ ಕೊಲ್ಲುವುದಕ್ಕೂ ಅದೇ. ದೊರೆ ತನ್ನ ದೇಶಕ್ಕೆ ಹೋಗಿ ಹನ್ನೆರಡು ವರ್ಷ.

ಬ್ಯಾರಿಗಳು ಕೋಳಿಯನ್ನು ಕಂಕುಳಲ್ಲಿ ಹಿಡಿದು ಬಂದರು. "ಒಮ್ಮೆ ನೀವು ಹೇಳಿ ಮಾರಾಯ್ರೆ. ಕೇಳದೆ ತುಂಬ ಕಾಲ ಆಯ್ತು."

ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಫೆಲ್" ಎಂದೆ.

ಕಣ್ಣು ಮುಚ್ಚಿ ಕೇಳಿದವರು ತಲೆ ಅಲ್ಲಾಡಿಸಿದರು. "ಇಲ್ಲ. ಅವರ ಸ್ವರವೇ ಬೇರೆ ಉಂಟು. ನಿಮ್ಮದು ಮೇಷ್ಟ್ರು ಪಾಠ ಓದಿದ ಹಾಗೆ."

ಕೋಳಿಯನ್ನು ಅಂಗಳಕ್ಕೆ ಬಿಟ್ಟರು. ನನಗೆ ಬಡಿಸಿದ್ದು ಮೊಟ್ಟೆಸಾರು.