ಅತ್ತೆಯ ಹರಕೆ, ನನ್ನ ಮೊಣಕಾಲು

ಕಾಲು ಮುರಿದವರನ್ನು ಮಾತಾಡಿಸಲು ಬರುವ ಜನ ಬಾಳೆಹಣ್ಣಿನ ಜೊತೆಗೆ ಒಂದು ಕಥೆಯನ್ನೂ ತರುತ್ತಾರೆ. ಶಹಾಪುರದ ನಮ್ಮ ಮನೆಗೆ ಬಂದವರೂ ಹಾಗೆಯೇ. ನನ್ನದು ಮುರಿದದ್ದಲ್ಲ, ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದದ್ದು ಅಂತ ಹೇಳಿ ಹೇಳಿ ಸಾಕಾಗಿ, ಕಡೆಗೆ ಮುರಿದದ್ದೇ ಅಂತ ಒಪ್ಪಿಕೊಂಡುಬಿಟ್ಟೆ. ಎದುರು ಮನೆಯಾಕೆ ಮಂಚದ ತುದಿಗೆ ಕೂತು, “ಸುರಪುರದಾಗ ನಮ್ಮ ಚಿಗವ್ವನ ಮಗಗೂ ಇದೇ ಆಪ್ರೇಷನ್ ಆಗಿತ್ರಿ. ಆಮ್ಯಾಲ ಅಂವ ಕಾಲು ಮಡಚಲೇ ಇಲ್ಲ” ಅಂದಳು. ಚಹಾ ಕುಡಿದು, “ನಿಮಗ ಹಂಗೇನೂ ಆಗಂಗಿಲ್ಲ ಬಿಡ್ರಿ” ಎಂದು ಎದ್ದು ಹೋದಳು. ಅವಳು ಹೋದಳು, ಆ ಮಡಚದ ಕಾಲು ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ನಾನು ದೋರನಹಳ್ಳಿಯ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಖೊಖೊ ಆಟದಲ್ಲಿ ಕಂಬದ ಹತ್ತಿರ ಹೇಗೆ ತಿರುಗಬೇಕು ಅಂತ ಹುಡುಗಿಯರಿಗೆ ತೋರಿಸಲು ಹೋದೆ. ನಾನು ತಿರುಗಿದೆ, ಪಾದ ತಿರುಗಲಿಲ್ಲ. ಒಳಗೆ ಟಪ್ ಅಂತ ಸಪ್ಪಳವಾಯಿತು. ಕಲಬುರಗಿಯಲ್ಲಿ ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಕೋಲು ಹಿಡಿದು ನಡೆದೆ, ಕೋಲು ಬಿಟ್ಟೂ ನಡೆದೆ. ಆ ಸಪ್ಪಳ ಮಾತ್ರ ಕಿವಿಯಿಂದ ಹೋಗಲಿಲ್ಲ.

ಆಪರೇಷನ್ ದಿನವೇ ನಮ್ಮ ಅತ್ತೆ ಅಬ್ಬೆತುಮಕೂರಿನ ಮಠಕ್ಕೆ ಹರಕೆ ಹೊತ್ತಿದ್ದರು. ಸೊಸೆ ಯಾರ ಕೈಯೂ ಹಿಡಿಯದೆ ಮಠದ ಮೆಟ್ಟಿಲು ಹತ್ತಿ, ಕಾಯಿ ಒಡೆಸಿ, ಇಳಿದು ಬರುವ ತನಕ ತಾನು ರೊಟ್ಟಿ ಮುಟ್ಟುವುದಿಲ್ಲ ಅಂತ. ಬೇರೆಯವರು ಹರಕೆಗೆ ಸಿಹಿ ಬಿಡುತ್ತಾರೆ, ಚಹಾ ಬಿಡುತ್ತಾರೆ. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಅನ್ನುವ ಮನೆಯಲ್ಲಿ ಬೆಳೆದ ಹೆಂಗಸು ರೊಟ್ಟಿಯನ್ನೇ ಬಿಟ್ಟರು. ಅವರಿಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ, ರೊಟ್ಟಿ ತಿನ್ನಿ ಅಂತ ಡಾಕ್ಟರು ಹೇಳಿದ್ದರು. ಈಗ ಎರಡೂ ಹೊತ್ತು ಅನ್ನ. ನಮಗೆಲ್ಲ ತಾವೇ ಕೂತು ರೊಟ್ಟಿ ಬಡಿಯುವುದು, ಆಮೇಲೆ ಮೂಲೆಯಲ್ಲಿ ಅನ್ನ ಸಾರು ಕಲಸಿಕೊಂಡು ಉಣ್ಣುವುದು. ಒಂದು ದಿನವೂ ನನಗೆ “ಯಾವಾಗ ಹೋಗೂಣು?” ಅಂತ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ವಾರಕ್ಕೊಮ್ಮೆ ಬಸ್ಸಿನಲ್ಲಿ ಯಾದಗಿರಿಗೆ ಹೋಗಿ ವ್ಯಾಯಾಮ ಮಾಡಿಸಿಕೊಂಡು ಬರುತ್ತಿದ್ದೆ. ಅಲ್ಲಿನ ಫಿಜಿಯೋಥೆರಪಿಯಾಕೆ ಒಂದು ದಿನ ಕೈಕಟ್ಟಿ ನಿಂತು ಕೇಳಿದಳು. “ಮೇಡಮ್, ನಿಮ್ಮ ಮಣಕಾಲು ಗಟ್ಟಿ ಆಗ್ಯಾದ್ರಿ. ಅದೇ ಕಾಲಿನ ಮ್ಯಾಲ ಇಲ್ಲಿ ಕುಂತು ಏಳತೀರಿ. ಮತ್ತ ಮೆಟ್ಟಲ ಇಳಿಯೂ ಮುಂದ ಗ್ವಾಡಿ ಯಾಕ ಹಿಡೀತೀರಿ?”

“ನೋಯ್ತದ” ಅಂದೆ.

ನೋವು ಅನ್ನುವುದು ಸಲೀಸು. ನೋವಿಗೆ ಎಣ್ಣೆ ಇದೆ, ಗುಳಿಗೆ ಇದೆ, ಕೇಳಿದವರು ಅಯ್ಯೋ ಅನ್ನುತ್ತಾರೆ. ಮಕ್ಕಳಿಗೆ ಜಿಗಿ, ಓಡು, ಹೆದರಬೇಡ ಅಂತ ಸೀಟಿ ಊದುವ ಟೀಚರು ಮೆಟ್ಟಿಲಿಗೆ ಹೆದರುತ್ತಾಳೆ ಅಂದರೆ ಯಾರಿಗೆ ಹೇಳುವುದು?

ಮುಂದಿನ ತಪಾಸಣೆಯಲ್ಲಿ ಅತ್ತೆಯ ಸಕ್ಕರೆ ಏರಿತ್ತು. ಕಣ್ಣು ಮಂಜಾಗುತ್ತಿದೆ, ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಅಂದರು. ನನ್ನ ಗಂಡ ಹರಕೆ ಬಿಡು ಅಂತ ತಾಯಿಯ ಕಾಲು ಹಿಡಿಯುವುದೊಂದು ಬಾಕಿ. “ದೇವರ ಮುಂದ ಆಡಿದ ಮಾತು, ಹೆಂಗ ಬಿಡ್ಲಿ?” ಅಂದರು ಅತ್ತೆ. ಆಗ ಅವರು ನನ್ನ ಕಡೆ ನೋಡಿದರು. ನನ್ನ ಮುಖವನ್ನಲ್ಲ, ಕಾಲನ್ನು. ಮನೆಯಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುತ್ತಿದ್ದುದು ಅಲ್ಲಿಗೇ. ಅತ್ತೆಗೆ ಕಣ್ಣು ಕಾಣುವುದೂ ನನ್ನ ಮೊಣಕಾಲಿಗೆ ಜೋತುಬಿದ್ದಿದೆ ಅಂತ ಗೊತ್ತಾದ ಮೇಲೆ ಅದು ಇನ್ನೂ ಭಾರವಾಯಿತು. ನನಗೆ ಸಾಕಾಗಿ ಹೋಗಿತ್ತು. ಸೋಮವಾರ ಹೋಗೋಣ ಅಂದೆ.

ಅತ್ತೆ, ನಾನು ಇಬ್ಬರೇ ಹೋದೆವು. ಹತ್ತುವುದು ಕಷ್ಟವಾಗಲಿಲ್ಲ. ಕಾಯಿ ಒಡೆಸಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದೆವು. ಮೇಲಿನ ಕಲ್ಲಿನ ಮೇಲೆ ನಿಂತು ಕೆಳಗೆ ನೋಡಿದೆ. ಪಾದ ಏಳಲಿಲ್ಲ. ಜನ ಎರಡೂ ಬದಿಯಿಂದ ಇಳಿದು ಹೋಗುತ್ತಿದ್ದರು.

“ಕೂಡು ಸ್ವಲ್ಪ, ನೋವು ಇಳೀಲಿ” ಅಂದರು ಅತ್ತೆ. “ಆಗಲಿಲ್ಲಂದ್ರ ಯಾರರೆ ಕೈ ಹಿಡದು ಇಳಸ್ತಾರ. ಇನ್ನೊಂದು ಸಲ ಬರೂಣು. ನಂದೇನು, ಅನ್ನಾನೇ ಉಣ್ತೀನಿ.”

ಆ ಒಳ್ಳೆಯತನಕ್ಕೆ ನನಗೆ ಸಿಟ್ಟು ನೆತ್ತಿಗೇರಿತು. “ನೋವಿಲ್ಲ ಅತ್ತಿ. ನೋವು ಹೋಗಿ ಭಾಳ ದಿನ ಆತು. ಹೆದರಿಕಿ ಅದ. ಕಾಲು ಊರಿದ್ರ ಮತ್ತ ಹರೀತದ ಅಂತ ಹೆದರಿಕಿ. ಇದರಾಗ ನಿಮ್ಮ ಸಕ್ಕರೀನೂ ತಂದು ನನ್ನ ಕಾಲಿಗಿ ಯಾಕ ಕಟ್ಟಿದ್ರಿ? ಯಾರು ಹೇಳಿದ್ರು ನಿಮಗ ಹರಕಿ ಹೊರಾಕ?”

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. “ನಿನ್ನ ಆಪ್ರೇಷನ್ನಿಗಿ ಒಳಗ ಒಯ್ದು ಬಾಗಲ ಹಾಕ್ಕೊಂಡ್ರು. ಹೊರಗ ಕುಂತು ನಾ ಏನು ಮಾಡ್ಲಿ? ಬಿಡಾಕ ನನ್ನ ಕೈಯಾಗ ರೊಟ್ಟಿ ಒಂದೇ ಇತ್ತು.” ಮತ್ತೆ ಅಂದರು, “ನೀ ಸೋಮವಾರ ಹೋಗೂಣು ಅಂದಾಗಿಂದ ನನಗೂ ಹೆದರಿಕಿನೇ. ನೀ ಬಿದ್ದಿ ಅಂದ್ರ ನನ್ನ ಹರಕಿಯಿಂದಾನೇ ಬಿದ್ದಂಗ ಆಗ್ತದ.”

ನನಗೆ ಅಳು ಬಂತು. ಅಷ್ಟು ತಿಂಗಳು ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಒಂದೇ ಭಯವನ್ನು ಬೇರೆ ಬೇರೆ ಉಂಡಿದ್ದೆವು.

ಅಷ್ಟರಲ್ಲಿ ಅತ್ತೆ ಒಂದು ಮೆಟ್ಟಿಲು ಇಳಿದು, ನನ್ನ ಕಡೆ ಮುಖ ಮಾಡಿ, ಎರಡೂ ತೋಳು ಚಾಚಿ ನಿಂತರು. “ಕೈ ಹಿಡ್ಯಾಂಗಿಲ್ಲ, ಹರಕಿ ಕೆಡ್ತದ. ನಾ ಹಿಂದಹಿಂದ ಇಳೀತೀನಿ. ಬಿದ್ದರ ನನ್ನ ಮ್ಯಾಲ ಬೀಳು.”

ನನ್ನ ಅರ್ಧ ತೂಕವೂ ಇಲ್ಲದ ಮುದುಕಿ. ಕಣ್ಣು ಬೇರೆ ಮಂಜು. ಹಿಂದೆ ನೋಡದೆ ಇಳಿಯತೊಡಗಿದರು. “ಅತ್ತಿ, ಸೀರಿ ಕಾಲಾಗ ಬರಾಕತ್ತದ” ಅಂದೆ. “ಅತ್ತಿ, ಬಲಕ್ಕ ಸರೀರಿ, ಅಲ್ಲಿ ಕಲ್ಲು ಸವದದ.” ಅವರ ಹಿಮ್ಮಡಿ, ಅದರ ಹಿಂದಿನ ಕಲ್ಲು, ನನ್ನ ಕಣ್ಣು ಬೇರೆಲ್ಲೂ ಹೋಗಲಿಲ್ಲ. ಇನ್ನೊಂದು ಅದ, ನಿಧಾನ, ಅನ್ನುತ್ತಾ ಅವರ ಜೊತೆಜೊತೆಗೇ ಇಳಿದೆ. ನನಗೊಂದು ಮೊಣಕಾಲಿದೆ ಅಂತ ನೆನಪಾದದ್ದು ಇಬ್ಬರೂ ನೆಲ ಮುಟ್ಟಿದ ಮೇಲೆ.