ನಾಚುವ ವೈರು

ಮನುಷ್ಯನ ಸುಖವೆಲ್ಲ ಕ್ಷಣಿಕವೆಂದು ಹಿರಿಯರು ಹೇಳಿದ್ದಾರೆ. ನಮ್ಮ ಕಾರಿನ ಹಿಂದಿನ ಸೀಟಿನ ಟಿವಿಯಂತೂ ಆದೋನಿಯಿಂದ ಹೊರಟರೆ ಎಮ್ಮಿಗನೂರು ಬರುವ ತನಕವೂ ಬಾಳುತ್ತಿರಲಿಲ್ಲ. ಅಮ್ಮನನ್ನು ಡಯಾಲಿಸಿಸ್‌ಗೆ ಕರ್ನೂಲಿಗೆ ಕರೆದೊಯ್ಯುವಾಗ ಹಾದಿಯ ಬೇಸರ ಮರೆಯಲೆಂದು ಹಾಕಿಸಿದ್ದು ಅದು. ಅದು ಪದೇ ಪದೇ ಕೆಡತೊಡಗಿದ ಮೇಲೆ ಅಮ್ಮ ಹಟ ಹಿಡಿದಳು: "ಟಿವಿ ಇಲ್ಲಾಂದ್ರ ನಾ ಬರಂಗಿಲ್ಲ. ಸುಮ್ನ ಕುಂತ್ರ ಬರೇ ಸೂಜಿನ ಕಣ್ಮುಂದ ಬರ್ತಾವ."

ಆದೋನಿಯಲ್ಲಿ ಗಾಡಿಗಳ ವೈರಿಂಗ್ ಮಾಡುವವನೊಬ್ಬನಿದ್ದ. ನಾನೊಬ್ಬನೇ ಕಾರು ಒಯ್ದಾಗ ಅವನೆದುರು ಟಿವಿ ಸಾಧುವಿನಂತೆ ನಡೆಯಿತು. ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು, ಎಲ್ಲ ಗಾಡಿಯವರಿಗೂ ಹೇಳುವ ಮಾತನ್ನೇ ಅವನು ಹೇಳಿದ: "ವೈರ್‌ಗೂ ನಾಚಿಕಿ ಇರತೈತ್ರಿ ಸಾರ್, ಹೊಸಬರ ಮುಂದ ಕೆಡಂಗಿಲ್ಲ. ದಿನಾ ಕುಂದ್ರೋರನ್ನ ಕರ್ಕೊಂಬರ್ರಿ."

ಮರುದಿನ ಅವನ ಅಂಗಡಿಗೆ ಅಮ್ಮನೂ ಬಂದು ಹಿಂದಿನ ಸೀಟಿನಲ್ಲಿ ಕುಳಿತಳು. ಊದಿದ ಕಾಲನ್ನು ಮುಂದಿನ ಸೀಟಿನಡಿ ಚಾಚಿದ್ದೇ ತಡ, ಟಿವಿ ಆರಿತು. ಅಲ್ಲಿದ್ದ ವೈರಿನ ಜಾಯಿಂಟನ್ನು ಅವಳ ಪಾದವೇ ಒತ್ತುತ್ತಿತ್ತು.

"ಕಾಲು ಮಡಚ್ಕೋ ಅಮ್ಮಾ," ಎಂದೆ. ಅವಳು ತಪ್ಪಿತಸ್ಥಳಂತೆ ಕಾಲೆಳೆದುಕೊಂಡಳು.

ವೈರಿಂಗಿನವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈಯಿಂದ ಆ ಕಾಲನ್ನು ಮತ್ತೆ ಅಲ್ಲೇ ಇಟ್ಟ. "ಅವ್ವ ಯಾಕ ಮಡಚಬೇಕ್ರಿ? ವೈರ್‌ಗೇನ್ ಕಾಲ್ನೋವೈತಾ? ಅದಾ ಸುತ್ತು ಹಾಕ್ಕೊಂಡು ಬರ್ಲಿ."

ಈಗ ವೈರು ಬಾಗಿಲ ಪಕ್ಕದಿಂದ ಹೋಗುತ್ತದೆ. ಅಮ್ಮ ಕಾಲು ಚಾಚಿಕೊಂಡು ಕರ್ನೂಲಿಗೆ ಹೋಗಿಬರುತ್ತಾಳೆ.