ತಲೆಯಾಡಿಸುತ್ತಿದ್ದ ಮನೆ ಮಾಲಕರು

ಬಿಜೈಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಕರು ಯಾರಿಗೂ ಇಲ್ಲ ಎಂದವರಲ್ಲ. ಏನು ಹೇಳಿದರೂ ತಲೆಯಾಡಿಸಿ, "ಆಯ್ತು, ನೋಡುವ" ಎನ್ನುತ್ತಿದ್ದರು. ನಮ್ಮ ಅಡುಗೆಮನೆಯ ಸೋರುವ ನಳ್ಳಿಯನ್ನು ಎರಡು ಮಳೆಗಾಲ ಹೀಗೆಯೇ ನೋಡಿದ್ದರು.

ಒಮ್ಮೆ ಅವರಿಗೆ ತಲೆಸುತ್ತು ಶುರುವಾಗಿ ಮೆದುಳಿನ ಎಂಆರ್‌ಐ ಮಾಡಿಸಬೇಕಾಯಿತು. ಜೊತೆಗೆ ನಾನು ಹೋದೆ. ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರು ಚಿತ್ರಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇಲ್ಲಿ ನೆರಳಿನ ಹಾಗೆ ಎಂತದೋ ಉಂಟು. ರೋಗವೋ, ತಲೆ ಅಲ್ಲಾಡಿದ್ದೋ, ಹೇಳ್ಲಿಕ್ಕೆ ಆಗುವುದಿಲ್ಲ."

"ಅಲ್ಲಾಡದೆ ಹೇಗೆ ಸರ್," ಎಂದಳು ಮೆಷಿನ್ ನಡೆಸುವ ಹುಡುಗಿ. "ತಲೆ ಅಲ್ಲಾಡಿಸ್ಬೇಡಿ, ಗೊತ್ತಾಯ್ತಾ ಅಂತ ನಾನು ಮೈಕಿನಲ್ಲಿ ಕೇಳಿದಾಗೆಲ್ಲ ಇವರು ತಲೆಯಾಡಿಸ್ತಾರೆ."

ಮಾಲಕರಿಗೆ ಬೇಸರವಾಯಿತು. "ಕೇಳಿದ್ದಕ್ಕೆ ಉತ್ತರ ಕೊಡದಿದ್ರೆ ಮರ್ಯಾದೆಯಾ ಮಾರಾಯ್ರೆ?" ಎಂದು ನನ್ನ ಕಡೆ ತಿರುಗಿದರು.

ಅವರನ್ನು ಮತ್ತೆ ಒಳಗೆ ಕಳಿಸಿದರು. ಈ ಸಲ ಯಾರೂ ಅವರನ್ನು ಏನೂ ಕೇಳಲಿಲ್ಲ. ಹೊರಗೆ ಕುಳಿತ ನಾನು, ಅದು ಬರೀ ಅವರ ಮರ್ಯಾದೆಯ ನೆರಳಾಗಿರಲಿ ಎಂದು ದೇವರಲ್ಲಿ ಕೇಳಿಕೊಂಡೆ.

ಹೊಸ ಚಿತ್ರ ಸ್ಪಷ್ಟವಾಗಿ ಬಂತು. "ನೆರಳಿಲ್ಲ. ಹೆದರುವಂಥದ್ದು ಎಂತದೂ ಇಲ್ಲ," ಎಂದರು ಡಾಕ್ಟರು.

ಮಾಲಕರ ಕುತ್ತಿಗೆ ಮಾತ್ರ ಇನ್ನೂ ಕಂಬದ ಹಾಗೆ ನಿಂತಿತ್ತು.

"ಇನ್ನು ಅಲ್ಲಾಡಿಸ್ಬಹುದಾ ಡಾಕ್ಟ್ರೆ?"

"ಧಾರಾಳ."

ಮನೆಗೆ ಮರಳುವ ರಿಕ್ಷಾ ಪಂಪ್‌ವೆಲ್ ಸರ್ಕಲ್ ದಾಟುವಾಗ ನಾನು ಮೆಲ್ಲನೆ ನಳ್ಳಿಯ ವಿಷಯ ತೆಗೆದೆ. ಅವರು ಬಹಳ ಸಂತೋಷದಿಂದ ತಲೆಯಾಡಿಸಿದರು.